ಎರಡು ಮುದ್ದೆ ರಾಗಿ, ಒಂದು ಕಾಳು

ಸಾವಿರ ರಾಗಿ ಕಾಳಿನ ತೂಕ ಸುಮಾರು ಎರಡೂವರೆ ಗ್ರಾಂ. ಎಲ್ಲೋ ಓದಿದ್ದೆ. ನಂಬಿಕೆ ಬರದೆ ಒಂದು ಭಾನುವಾರ ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆ ಇಟ್ಟುಕೊಂಡು ಹತ್ತು ಹತ್ತರ ಗುಂಪು ಮಾಡಿ ಎಣಿಸಿದೆ. ಮಗಳು ಕೇಕ್ ಮಾಡಲೆಂದು ತಂದಿಟ್ಟಿದ್ದ ಪುಟ್ಟ ಡಿಜಿಟಲ್ ತಕ್ಕಡಿ 2.5 ತೋರಿಸಿತು, 2.6ಕ್ಕೆ ಹೋಯಿತು, ಮತ್ತೆ 2.5ಕ್ಕೆ ಬಂದು ನಿಂತಿತು. "ರಿಟೈರ್ ಆಗೋಕೆ ಇನ್ನೂ ಮೂರು ವರ್ಷ ಇದೆಯಲ್ರೀ, ಈಗಲೇ ಶುರುವಾಯ್ತಾ?" ಅಂದಳು ಹೆಂಡತಿ.

ಎಣಿಸಿದ್ದಕ್ಕೆ ಕಾರಣ ಇದೆ. ಇಪ್ಪತ್ತೈದು ವರ್ಷದಿಂದ ಕಂಪನಿಗಳ ಮೇಲ್ ಸರ್ವರ್ ಕಾಯುವುದೇ ನನ್ನ ಹೊಟ್ಟೆಪಾಡು. ಈ ಕಸುಬಿನಲ್ಲಿ ಸಂಖ್ಯೆಗಳು ನಾಲಗೆಯ ಮೇಲಿರುತ್ತವೆ, ಕಣ್ಣಿಗೆ ಮಾತ್ರ ಕಟ್ಟುವುದಿಲ್ಲ. 65,536, 429 ಕೋಟಿ, ಎರಡರ 128ನೇ ಘಾತ ಎಂದೆಲ್ಲ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತೇವೆ. ಮಗ್ಗಿ ಒಪ್ಪಿಸುವ ಹುಡುಗನಿಗೆ ಹದಿನೇಳೆಂಟ್ಲಿ ಎಷ್ಟು ದೊಡ್ಡದು ಎಂದು ಗೊತ್ತಿರುತ್ತದೆಯೇ? ಅದಕ್ಕೇ ಎಲ್ಲವನ್ನೂ ರಾಗಿಯಲ್ಲಿ ಅಳೆದು ನೋಡೋಣ ಎನಿಸಿತು.

ಮೊದಲ ಸಂಖ್ಯೆ 65,536. ನೆಟ್‌ವರ್ಕಿಗೆ ಸೇರಿದ ಯಾವುದೇ ಕಂಪ್ಯೂಟರಿಗೆ ಅಷ್ಟು ಬಾಗಿಲುಗಳಿವೆ. ನಮ್ಮ ಭಾಷೆಯಲ್ಲಿ ಪೋರ್ಟ್. ಬಾಗಿಲಿನ ನಂಬರ್ ಬರೆಯಲು 16 ಬಿಟ್ ಜಾಗ ಕೊಟ್ಟಿದ್ದಾರೆ, ಹಾಗಾಗಿ 0ಯಿಂದ 65,535ರವರೆಗೆ. ವೆಬ್ ಪುಟ 80ರಲ್ಲಿ ಬರುತ್ತದೆ, ಬೀಗ ಹಾಕಿದ ವೆಬ್ ಪುಟ 443ರಲ್ಲಿ. ಊರಿನವರು ಕಳಿಸಿದ ಮೇಲ್ ಬಂದು ಬೀಳುವುದು 25ರಲ್ಲಿ. ಅದು ಅಂಚೆ ಡಬ್ಬಿಯ ಬಾಯಿ ಇದ್ದಂತೆ, ಹೊರಗಿನಿಂದ ಕಾಗದ ಹಾಕಬಹುದು, ಕೈಹಾಕಿ ತೆಗೆಯಲಾಗುವುದಿಲ್ಲ. ಅಷ್ಟೂ ಬಾಗಿಲುಗಳನ್ನು ಒಂದೊಂದು ರಾಗಿ ಕಾಳೆಂದು ತೂಗಿದರೆ 164 ಗ್ರಾಂ. ಬೀಸಿ ಹಿಟ್ಟು ಮಾಡಿದರೆ ಎರಡು ಮುದ್ದೆಯಾದೀತು. ಫೈರ್‌ವಾಲ್ ಎನ್ನುವುದು ಈ ಎರಡು ಮುದ್ದೆ ರಾಗಿಯನ್ನು ಮುಚ್ಚಿಡುವ ಮುಚ್ಚಳ. ನೌಕರರು ಹೊರಗಿನಿಂದ ತಮ್ಮ ಮೇಲ್ ನೋಡಿಕೊಳ್ಳಲಿ ಎಂದು ಅದರಲ್ಲಿ ಬಿಟ್ಟುಕೊಡುವುದು ಒಂದೇ ಒಂದು ಕಾಳು.

ಆ ಒಂದು ಕಾಳನ್ನು ಬಿಡಲು ನಾವು ಪಟ್ಟ ಪಾಡು ಈಗಿನ ಹುಡುಗರಿಗೆ ಗೊತ್ತಿಲ್ಲ. 2003ರ ಏಪ್ರಿಲ್. ಪೀಣ್ಯದಲ್ಲಿ ವಾಲ್ವ್ ಮಾಡುವ ಒಂದು ಕಂಪನಿಯಲ್ಲಿ ನಾನು ಸಿಸ್ಟಮ್ಸ್‌ನವ. ಎಕ್ಸ್‌ಪೋರ್ಟ್ ನೋಡಿಕೊಳ್ಳುತ್ತಿದ್ದ ಶೆಟ್ಟರು ಉಡುಪಿ ಕಡೆಯವರು, ಜರ್ಮನಿಯ ಹ್ಯಾನೋವರ್ ಮೇಳಕ್ಕೆ ಹೋಗಿದ್ದರು. ಮಧ್ಯಾಹ್ನ ಫೋನ್ ಬಂತು.

"ಎಂತದು ಮಾರಾಯಾ, ಮೇಲ್ ಓಪನ್ ಆಗುದೇ ಇಲ್ಲ ಇಲ್ಲಿ."

"ಹೊರಗಿನಿಂದ ಆಗಲ್ಲ ಸರ್, ಫೈರ್‌ವಾಲ್ ಬಿಡಲ್ಲ."

"ಯಾವ ವಾಲ್ವ್? ನಾವೇ ವಾಲ್ವ್ ಮಾಡುವವರು, ನಮಗೇ ಬಂದ್ ಮಾಡುವ ವಾಲ್ವ್ ಯಾವುದು?"

ಅವರ ಲ್ಯಾಪ್‌ಟಾಪಿನಲ್ಲಿದ್ದದ್ದು ಔಟ್‌ಲುಕ್ ಎಂಬ ಮೇಲ್ ತಂತ್ರಾಂಶ. ಆಗಿನ ಔಟ್‌ಲುಕ್ ಕಂಪನಿಯ ಎಕ್ಸ್‌ಚೇಂಜ್ ಸರ್ವರ್ ಜೊತೆ ಮಾತಾಡುವ ರೀತಿ ವಿಚಿತ್ರವಾಗಿತ್ತು. ಮೊದಲು 135ನೇ ಬಾಗಿಲು ತಟ್ಟುತ್ತದೆ. "ನಾನು ಯಾವ ಬಾಗಿಲಿಗೆ ಬರಲಿ?" ಎಂದು ಕೇಳುತ್ತದೆ. ಸರ್ವರ್ 1,024ರಿಂದ ಮೇಲಿನ ಯಾವುದೋ ಒಂದು ನಂಬರ್ ಹೇಳುತ್ತದೆ. ಇವತ್ತು ಹೇಳಿದ್ದು ನಾಳೆ ಇರುತ್ತದೆಂಬ ಭರವಸೆ ಇಲ್ಲ. ಅಂದರೆ ಶೆಟ್ಟರೊಬ್ಬರ ಮೇಲ್ ತೆರೆಯಬೇಕಾದರೆ ನಾನು 135ರ ಜೊತೆಗೆ ಇನ್ನೂ 64,512 ಬಾಗಿಲು ತೆರೆದಿಡಬೇಕು. ಮುಚ್ಚಳದ ಕೆಳಗೆ ಉಳಿಯುವುದು ಎರಡೂವರೆ ಗ್ರಾಂ, ಹೊರಗೆ ಚೆಲ್ಲುವುದು 161. ಸರ್ವರಿಗೆ ಇಂಥದ್ದೇ ಬಾಗಿಲು ಎಂದು ಕಟ್ಟಿಹಾಕುವ ಉಪಾಯವೂ ಇತ್ತು, ಆದರೆ ಆಗಲೂ 135 ತೆರೆದೇ ಇರಬೇಕು. ಆಗುವುದಿಲ್ಲ ಸರ್, ಅಂದೆ. ಅವರಿಗೆ ಸಿಟ್ಟು ಬಂತು. ವಾಪಸ್ ಬಂದಮೇಲೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ, ಆಗಸ್ಟ್ 11ರಂದು, ಬ್ಲಾಸ್ಟರ್ ಎಂಬ ಹುಳ ಜಗತ್ತಿನ ವಿಂಡೋಸ್ ಕಂಪ್ಯೂಟರುಗಳಿಗೆ ನುಗ್ಗಿತು. ಅದು ಬಂದ ಬಾಗಿಲು 135. ಶೆಟ್ಟರು ನನ್ನ ಮೇಜಿನ ಹತ್ತಿರ ಬಂದು ಪೇಪರಿನ ಸುದ್ದಿ ತೋರಿಸಿದರು. "ಇದಾ ನೀನು ಹೇಳಿದ್ದು?" ಅಂದವರು ಅವತ್ತೇ ಕಾಫಿ ಕುಡಿಸಿದರು.

ಪರಿಹಾರ ಆಗಲೇ ಇತ್ತು, ನಮ್ಮ ಕಂಪನಿ ದುಡ್ಡು ಬಿಚ್ಚಿರಲಿಲ್ಲ ಅಷ್ಟೆ. ಮೇಲನ್ನು ವೆಬ್ ಪುಟವಾಗಿ ತೋರಿಸುವುದು. ಹಾಗೆ ಮಾಡಿದರೆ 443 ಒಂದೇ ಸಾಕು. ಮೈಕ್ರೋಸಾಫ್ಟ್ 1997ರ ಎಕ್ಸ್‌ಚೇಂಜ್ 5.0 ಜೊತೆಗೇ ಔಟ್‌ಲುಕ್ ವೆಬ್ ಆ್ಯಕ್ಸೆಸ್ ಎಂದು ಮುಂದೆ ಹೆಸರಾದದ್ದನ್ನು ಕೊಟ್ಟಿತ್ತು. ಆದರೆ ಈ ಉಪಾಯ ಅದಕ್ಕೂ ಮುಂಚೆ ಇನ್ನಿಬ್ಬರಿಗೆ ಹೊಳೆದಿತ್ತು, ಅದೂ ತಿರುವುಮುರುವಾಗಿ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಅವರ ಜೊತೆಗಾರ ಜ್ಯಾಕ್ ಸ್ಮಿತ್ ಕ್ಯಾಲಿಫೋರ್ನಿಯಾದ ಒಂದು ಕಂಪನಿಯಲ್ಲಿದ್ದರು. ಆಫೀಸಿನ ಫೈರ್‌ವಾಲ್ ಅಡ್ಡ ಬಂದು ಇಬ್ಬರಿಗೂ ತಮ್ಮ ಸ್ವಂತ ಮೇಲ್ ಸಿಗುತ್ತಿರಲಿಲ್ಲ. ಬ್ರೌಸರ್ ಮಾತ್ರ ಹೊರಗೆ ಹೋಗುತ್ತಿತ್ತು. ಹಾಗಾದರೆ ಮೇಲನ್ನೂ ಬ್ರೌಸರಿನಲ್ಲೇ ತಂದರಾಯಿತು ಎಂದು ಹೊಳೆದು ಹುಟ್ಟಿದ್ದೇ ಹಾಟ್‌ಮೇಲ್. 1996ರ ಜುಲೈ 4ಕ್ಕೆ ಶುರು, ಆರು ತಿಂಗಳಲ್ಲಿ ಹತ್ತು ಲಕ್ಷ ಜನ, 1997ರ ಡಿಸೆಂಬರಿಗೆ ಮೈಕ್ರೋಸಾಫ್ಟಿನ ಕೈಗೆ. ಅವರದು ಒಳಗಿದ್ದು ಹೊರಗಿನ ಮೇಲ್ ನೋಡುವ ತಾಪತ್ರಯ, ಶೆಟ್ಟರದು ಹೊರಗಿದ್ದು ಒಳಗಿನ ಮೇಲ್ ನೋಡುವ ತಾಪತ್ರಯ. ಗೋಡೆಯಲ್ಲಿ ಕಿಂಡಿ ಒಂದೇ.

ಇಲ್ಲೊಂದು ಅಡ್ಡ ಮಾತು. ಔಟ್‌ಲುಕ್ ವೆಬ್ ಆ್ಯಕ್ಸೆಸ್ ಮಾಡುತ್ತಿದ್ದ ತಂಡಕ್ಕೆ, ಹೊಸ ಮೇಲ್ ಬಂದಾಗಲೆಲ್ಲ ಇಡೀ ಪುಟ ಮತ್ತೆ ಲೋಡ್ ಆಗುವುದು ತಲೆನೋವಾಗಿತ್ತು. ಪುಟ ಅಲುಗದಂತೆ ಹಿಂದಿನಿಂದ ಸರ್ವರಿಗೆ ಒಂದು ಮಾತು ಕೇಳಿಬರುವ ಸಣ್ಣ ತುಣುಕೊಂದನ್ನು ಬರೆದು 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಳಗೆ ಸೇರಿಸಿದರು. ಐದು ವರ್ಷದ ನಂತರ ಜಿಮೇಲ್ ನಿಂತದ್ದು ಆ ಉಪಾಯದ ಮೇಲೆ. ನಕಾಶೆಯನ್ನು ಬೆರಳಲ್ಲಿ ಎಳೆದಾಡುವುದು, ಇವತ್ತು ಪರದೆಯ ಮೇಲೆ ಪುಟ ಬದಲಾಗದೆ ಬದಲಾಗುವ ಪ್ರತಿಯೊಂದೂ ಅದೇ ವಂಶ. ಕಂಪನಿ ಮೇಲ್ ನೋಡುವ ಬೇಸರದ ಕೆಲಸದಿಂದ ಇಷ್ಟೆಲ್ಲ ಹುಟ್ಟಿತು ಎಂದರೆ ನಮ್ಮ ಕಸುಬಿನವರಿಗೆ ಸ್ವಲ್ಪ ಜಂಬ.

ಈಗ ಶೆಟ್ಟರ ಒಂದು ಕ್ಲಿಕ್ಕಿನ ಹಿಂದೆ ಹೋಗೋಣ. ಹ್ಯಾನೋವರಿನಿಂದ ಪೀಣ್ಯಕ್ಕೆ ಭೂಮಿಯ ಮೈಮೇಲೆ ನೇರ ಗೆರೆ ಎಳೆದರೆ ಸುಮಾರು 7,400 ಕಿಲೋಮೀಟರ್. ಸಮುದ್ರದ ತಳದ ಕೇಬಲ್ ನೇರ ಹೋಗುವುದಿಲ್ಲ, ಇನ್ನೂ ಉದ್ದವೇ, ಆದರೂ ಕಡಿಮೆಯ ಲೆಕ್ಕವನ್ನೇ ಹಿಡಿಯೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬ್ರೌಸರ್ ಮೊದಲು "ಇದ್ದೀರಾ?" ಎನ್ನಬೇಕು, ಇಲ್ಲಿಂದ "ಇದ್ದೇವೆ" ಎಂಬ ಉತ್ತರ ಹೋಗಬೇಕು. ಇದು ಒಂದು ಸುತ್ತು. ಆಮೇಲೆ ಬೀಗದ ಮಾತುಕತೆ, ಹಳೆಯ ಪದ್ಧತಿಯಲ್ಲಿ ಎರಡು ಸುತ್ತು. ಕೊನೆಗೆ "ಲಾಗಿನ್ ಪುಟ ಕೊಡಿ" ಎಂದು ಮತ್ತೊಂದು ಸುತ್ತು. ನಾಲ್ಕು ಸಲ ಹೋಗಿಬಂದರೆ 59,200 ಕಿಲೋಮೀಟರ್, ಅಂದರೆ ಭೂಮಿಗೆ ಒಂದೂವರೆ ಪ್ರದಕ್ಷಿಣೆ. ಯೂಸರ್‌ನೇಮ್ ಬರೆಯುವ ಖಾಲಿ ಚೌಕ ಕಾಣಿಸಲಿಕ್ಕೇ ಇಷ್ಟು ಪ್ರಯಾಣ. ಹಿಡಿಯುವ ಹೊತ್ತು 0.3 ಸೆಕೆಂಡ್. ಅಷ್ಟರಲ್ಲಿ ಇವತ್ತಿನ ಮಾಮೂಲಿ 3 ಗಿಗಾಹರ್ಟ್ಸ್ ಪ್ರೊಸೆಸರ್ ಸುಮಾರು 90 ಕೋಟಿ ಸಲ ಟಿಕ್ ಅಂದಿರುತ್ತದೆ. 2018ರಲ್ಲಿ ಬಂದ ಟಿಎಲ್‌ಎಸ್ 1.3 ಎಂಬ ಹೊಸ ಪದ್ಧತಿ ಬೀಗದ ಮಾತುಕತೆಯಲ್ಲಿ ಒಂದು ಸುತ್ತು ಉಳಿಸಿತು. ಶೆಟ್ಟರಿಗೆ 14,800 ಕಿಲೋಮೀಟರ್ ಉಳಿತಾಯ. ಅವರಿಗೆ ಗೊತ್ತಾಗಿದ್ದರೆ ಟಿಎ ಬಿಲ್ಲಿನಲ್ಲಿ ಬರೆಯುತ್ತಿದ್ದರೋ ಏನೋ.

ಈ ಕಡೆ ಬಾಗಿಲಲ್ಲಿ ಫೈರ್‌ವಾಲ್ ನಿಂತಿದೆ. ಸೆಕೆಂಡಿಗೆ 10 ಗಿಗಾಬಿಟ್ ಲೈನ್ ಇದ್ದರೆ, ಅತಿ ಚಿಕ್ಕ ಪ್ಯಾಕೆಟ್ಟುಗಳು ಸಾಲುಗಟ್ಟಿ ಬಂದಾಗ ಸೆಕೆಂಡಿಗೆ 1 ಕೋಟಿ 48 ಲಕ್ಷ ಬರುತ್ತವೆ. ಒಂದೊಂದಕ್ಕೂ ಸಿಗುವ ಸಮಯ 67 ನ್ಯಾನೋಸೆಕೆಂಡ್. ಗಾಜಿನ ಎಳೆಯಲ್ಲಿ ಬೆಳಕು ಅಷ್ಟು ಹೊತ್ತಿನಲ್ಲಿ ದಾಟುವುದು ಹದಿಮೂರು ಮೀಟರ್, ಹೆಚ್ಚುಕಡಿಮೆ ಒಂದು ಸಿಟಿ ಬಸ್ಸಿನ ಉದ್ದ. ಬೆಳಕು ಬಸ್ಸಿನ ಹಿಂಬಾಗಿಲಲ್ಲಿ ಹತ್ತಿ ಡ್ರೈವರ್ ಸೀಟು ತಲುಪುವುದರೊಳಗೆ, ಈ ಪ್ಯಾಕೆಟ್ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಮೊದಲೇ ನಡೆಯುತ್ತಿರುವ ಮಾತಿಗೆ ಸೇರಿದ್ದೋ ಹೊಸದೋ ಎಂದು ನೋಡಿ, ಬಿಡುವುದೋ ಬಿಸಾಡುವುದೋ ತೀರ್ಮಾನ ಆಗಬೇಕು. ಟಿಕೆಟ್ ಕೇಳುವ ಕಂಡಕ್ಟರಿಗೂ ಇಷ್ಟು ಅವಸರ ಇರುವುದಿಲ್ಲ.

ಬಾಗಿಲು ದಾಟಿದರೂ ನೇರ ಮೇಲ್ ಸರ್ವರಿಗೆ ಹೋಗಲು ಬಿಡುವುದಿಲ್ಲ. ಯಶವಂತಪುರದ ಹಳೆಯ ಮಂಡಿ ಅಂಗಡಿಗಳನ್ನು ನೆನಪು ಮಾಡಿಕೊಳ್ಳಿ. ಗಿರಾಕಿ ಮುಂದೆ ಗದ್ದುಗೆಯ ಹತ್ತಿರ ನಿಲ್ಲುತ್ತಾನೆ, ಮೂಟೆಗಳು ಹಿಂದಿನ ಗೋಡೌನಿನಲ್ಲಿರುತ್ತವೆ, ನಡುವೆ ಓಡಾಡುವುದು ಅಂಗಡಿ ಹುಡುಗ. ಗಿರಾಕಿ ಗೋಡೌನ್ ಕಂಡೇ ಇರುವುದಿಲ್ಲ. ನಮ್ಮಲ್ಲಿ ಈ ಹುಡುಗನಿಗೆ ರಿವರ್ಸ್ ಪ್ರಾಕ್ಸಿ ಎನ್ನುತ್ತೇವೆ. ಹೊರಗಿನಿಂದ ಬಂದ ಬೀಗದ ಪೆಟ್ಟಿಗೆಯನ್ನು ಇವನೇ ತೆರೆಯುತ್ತಾನೆ, ಒಳಗಿನ ಚೀಟಿ ಓದುತ್ತಾನೆ, ಸರಿಯಿದ್ದರೆ ಬೇರೊಂದು ಬೀಗ ಹಾಕಿ ಗೋಡೌನಿಗೆ ಒಯ್ಯುತ್ತಾನೆ. ಪೀಣ್ಯದಲ್ಲಿ ನಾವು 2004ರಲ್ಲಿ ಕೂರಿಸಿದ್ದು ಇದನ್ನೇ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ, ಮುಂದೆ ಇವನಿಂದಲೇ ದೊಡ್ಡ ರಾದ್ಧಾಂತ ಆಗುವುದಿದೆ.

ಕೂರಿಸಿದ ಮೊದಲ ರಾತ್ರಿ ಲಾಗ್ ನೋಡುತ್ತಾ ಕೂತಿದ್ದೆ. ವಿಳಾಸವನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ, ಶೆಟ್ಟರಿಗೂ. ಆದರೂ ಒಂದು ಗಂಟೆ ಕಳೆಯುವುದರೊಳಗೆ ಕತ್ತಲಲ್ಲಿ ಯಾರೋ ಬಾಗಿಲು ತಟ್ಟಿಹೋದ ಗುರುತು. ಮತ್ತೊಬ್ಬ. ಮತ್ತೊಬ್ಬ. ನಮ್ಮ ಮೇಲೆ ಯಾರಿಗೋ ಕಣ್ಣು ಬಿದ್ದಿದೆ ಎಂದು ಹೆದರಿಬಿಟ್ಟೆ. ಯಾರಿಗೂ ನಮ್ಮ ಮೇಲೆ ಕಣ್ಣಿರಲಿಲ್ಲ. ಅವರು ಎಲ್ಲರ ಮನೆಯನ್ನೂ ತಟ್ಟುತ್ತಿದ್ದರು.

ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಒಟ್ಟು 429 ಕೋಟಿ 49 ಲಕ್ಷ ಚಿಲ್ಲರೆ, ಎರಡರ 32ನೇ ಘಾತ. ರಾಗಿಯಲ್ಲಿ ಹತ್ತು ಟನ್ನಿಗೆ ಸ್ವಲ್ಪ ಮೇಲೆ, ಅಂದರೆ ಒಂದು ಲಾರಿ ಲೋಡು. (ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಇಂಟರ್ನೆಟ್ ಕಟ್ಟಿದವರು ಪುರಾಣ ಓದಿರಲಿಲ್ಲ, ಆದರೂ ಎಷ್ಟು ಹತ್ತಿರ ಬಂದಿದ್ದಾರೆ ನೋಡಿ.) ಒಂದು ಲಾರಿ ರಾಗಿಯ ಪ್ರತಿ ಕಾಳನ್ನೂ ಮುಟ್ಟಿ ನೋಡಲು ಎಷ್ಟು ದಿನ ಬೇಕು? 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಎಂಬ ತಂತ್ರಾಂಶ ಬರೆದರು. ಒಂದೇ ಕಂಪ್ಯೂಟರ್, ಒಂದು ಗಿಗಾಬಿಟ್ ಲೈನ್. ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ವಿಳಾಸಗಳನ್ನು ತಟ್ಟಿ, ಇಡೀ ಜಗತ್ತನ್ನು 45 ನಿಮಿಷದೊಳಗೆ ಮುಗಿಸಿತು. ನೀವು ಬಾಗಿಲು ತೆರೆದು ಸ್ನಾನ ಮುಗಿಸಿ ತಿಂಡಿ ತಿಂದು ಬರುವಷ್ಟರಲ್ಲಿ, ಭೂಮಿಯ ಇನ್ನೊಂದು ಕಡೆಯಲ್ಲಿ ಯಾರದೋ ಪಟ್ಟಿಯಲ್ಲಿ ನಿಮ್ಮ ಬಾಗಿಲು ಸೇರಿರಬಹುದು.

ಬಾಗಿಲಿಗೆ ಬೀಗ ಇದೆಯಲ್ಲ ಎನ್ನುತ್ತೀರಿ. ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಆ ಬೀಗವೇ.

ತೊಂಬತ್ತರ ದಶಕದಲ್ಲಿ ಅಮೆರಿಕದ ಕಾನೂನು ಗಟ್ಟಿ ಬೀಗಗಳ ರಫ್ತಿಗೆ ತಡೆ ಹಾಕಿತ್ತು. ಅಲ್ಲಿಯವರಿಗೆ 128 ಬಿಟ್ಟಿನ ಕೀಲಿ, ನಮ್ಮಂಥ ಹೊರಗಿನವರಿಗೆ ಕೊಡುತ್ತಿದ್ದ ಬ್ರೌಸರಿನಲ್ಲಿ 40 ಬಿಟ್. 40 ಬಿಟ್ ಅಂದರೆ ಸುಮಾರು 1 ಲಕ್ಷ 10 ಸಾವಿರ ಕೋಟಿ ಕೀಲಿಗಳು, ಅವುಗಳಲ್ಲಿ ಸರಿಯಾದದ್ದು ಒಂದು. ರಾಗಿಯಲ್ಲಿ 2,750 ಟನ್, ಒಂದು ಪೂರಾ ಗೂಡ್ಸ್ ರೈಲು. ದೊಡ್ಡದೇ. ಆದರೆ 1995ರಲ್ಲಿ ಫ್ರಾನ್ಸಿನ ದಾಮಿಯೆಂ ದೊಲಿಜೆ, ಸುಮಾರು 120 ಕಂಪ್ಯೂಟರುಗಳ ಬಿಡುವಿನ ವೇಳೆ ಬಳಸಿಕೊಂಡು, ಎಂಟು ದಿನದಲ್ಲಿ ಆ ರೈಲು ಜರಡಿಯಾಡಿ ಕಾಳು ಹೆಕ್ಕಿದರು. 56 ಬಿಟ್ಟಿನ ಡಿಇಎಸ್ ಎಂಬ ಬೀಗ ಅದಕ್ಕಿಂತ 65,536 ಪಟ್ಟು ದೊಡ್ಡದು. (ಮತ್ತೆ ಅದೇ ಎರಡು ಮುದ್ದೆ!) ಅದು 18 ಕೋಟಿ ಟನ್ ರಾಗಿ, ಭಾರತ ವರ್ಷಕ್ಕೆ ಬೆಳೆಯುವ ಒಟ್ಟು ಆಹಾರಧಾನ್ಯದ ಸುಮಾರು ಅರ್ಧ. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎರಡೂವರೆ ಲಕ್ಷ ಡಾಲರಿನೊಳಗೆ ಕಟ್ಟಿದ ಯಂತ್ರ ಅದನ್ನು 56 ಗಂಟೆಯಲ್ಲಿ ಮುರಿಯಿತು.

ಇನ್ನು 128. ಇಲ್ಲಿಂದ ಗಾಡಿ, ರೈಲು, ದೇಶ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಎರಡರ 128ನೇ ಘಾತ ಎಂದರೆ 34ರ ಮುಂದೆ 37 ಸೊನ್ನೆ. ಅಷ್ಟು ರಾಗಿ ಕಾಳು ಗುಡ್ಡೆ ಹಾಕಿದರೆ ತೂಕ 14 ಕೋಟಿ ಭೂಮಿಗಳಷ್ಟು. ಭೂಮಿಯನ್ನು ಬಿಟ್ಟು ಸೂರ್ಯನನ್ನೇ ಬಟ್ಟು ಮಾಡಿಕೊಂಡರೆ ನಾನೂರಕ್ಕೂ ಹೆಚ್ಚು ಸೂರ್ಯ. ಈ ಲೆಕ್ಕವನ್ನು ನಾನು ಮೂರು ಸಲ ಮಾಡಿದೆ, ಎಲ್ಲೋ ಸೊನ್ನೆ ತಪ್ಪಿದೆ ಎಂದು. ತಪ್ಪಿರಲಿಲ್ಲ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿ ತಿರುಗಿಸಿ ನೋಡುವ ಯಂತ್ರ ಇದೆ ಅನ್ನಿ. ಅಂಥವು ಒಂದು ಕೋಟಿ ಇವೆ ಅನ್ನಿ. ಎಲ್ಲ ಸೇರಿ ಹಗಲೂ ರಾತ್ರಿ ಹುಡುಕಿದರೆ ಎಲ್ಲ ಕೀಲಿ ನೋಡಿ ಮುಗಿಸಲು ಒಂದು ಲಕ್ಷ ಕೋಟಿ ವರ್ಷಕ್ಕೂ ಹೆಚ್ಚು ಬೇಕು. ವಿಜ್ಞಾನದ ಲೆಕ್ಕದಲ್ಲಿ ವಿಶ್ವದ ಈವರೆಗಿನ ವಯಸ್ಸಿನ 78 ಪಟ್ಟು, ಪುರಾಣದ ಲೆಕ್ಕದಲ್ಲಿ ಸುಮಾರು 250 ಕಲ್ಪ. ಬ್ರಹ್ಮನ 250 ಹಗಲುಗಳನ್ನು ಒಂದರ ಹಿಂದೊಂದು ಜೋಡಿಸಿದಷ್ಟು. ಇಂಥ ಬೀಗವನ್ನು ಶೆಟ್ಟರ ಲ್ಯಾಪ್‌ಟಾಪ್ ಮೇಲ್ ತೆರೆಯುವಾಗಲೆಲ್ಲ ಹೊಸದಾಗಿ ಎರಕ ಹೊಯ್ದು, ಕೆಲಸ ಮುಗಿದ ಕೂಡಲೇ ಕರಗಿಸಿಬಿಡುತ್ತದೆ. ಅದೂ ಯಾಕೆ? "ವಾಲ್ವ್ ಸ್ಯಾಂಪಲ್ ಬಂತು, ಥ್ಯಾಂಕ್ಸ್" ಎಂಬ ಒಂದು ಸಾಲು ಓದಲು.

ಆದ್ದರಿಂದ ಬೀಗಕ್ಕೆ ಯಾರೂ ಕೈ ಹಾಕುವುದಿಲ್ಲ. ನನ್ನ ಇಪ್ಪತ್ತೈದು ವರ್ಷದಲ್ಲಿ ಬೀಗ ಮುರಿದು ಒಳಗೆ ಬಂದ ಒಬ್ಬನನ್ನೂ ಕಂಡಿಲ್ಲ. ಬರುವವರೆಲ್ಲ ಕೀಲಿ ಕೇಳಿಕೊಂಡು, ಊಹಿಸಿಕೊಂಡು, ಇಲ್ಲವೇ ಅಂಗಡಿ ಹುಡುಗನ ಕಿವಿ ಊದಿ ಬರುತ್ತಾರೆ.

ಊಹಿಸುವುದನ್ನು ನೋಡಿ. ಎಂಟು ಸಣ್ಣಕ್ಷರ ಇಂಗ್ಲಿಷ್ ಪಾಸ್‌ವರ್ಡುಗಳು ಒಟ್ಟು 20,882 ಕೋಟಿ. ರಾಗಿಯಲ್ಲಿ 522 ಟನ್, ಐವತ್ತು ಲಾರಿ. ಮನುಷ್ಯರು ಈ ಐವತ್ತು ಲಾರಿಯೊಳಗಿಂದ ಎಲ್ಲೋ ತಳದ ಕಾಳು ಹೆಕ್ಕುತ್ತಾರೆಯೇ? ಇಲ್ಲ, ಮೇಲಿನ ಒಂದು ಚಿಟಿಕೆಯಲ್ಲೇ ಎಲ್ಲರ ಬೆರಳು. ಮಗಳ ಹೆಸರು, ಹುಟ್ಟಿದ ವರ್ಷ, ಕೊನೆಗೊಂದು ಅಟ್ ಚಿಹ್ನೆ, 123. ಒಬ್ಬರ ಖಾತೆಗೆ ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆ ಬಂದ್ ಆಗುತ್ತದೆಂದು ಕಳ್ಳನಿಗೂ ಗೊತ್ತು. ಅದಕ್ಕೇ ಅವನು ಒಬ್ಬರ ಮೇಲೆ ಐದು ಸಾವಿರ ಪಾಸ್‌ವರ್ಡ್ ಪ್ರಯೋಗಿಸುವುದಿಲ್ಲ, ಐದು ಸಾವಿರ ಜನರ ಮೇಲೆ ಒಂದೇ ಪಾಸ್‌ವರ್ಡ್ ಪ್ರಯೋಗಿಸುತ್ತಾನೆ. ಒಬ್ಬರಾದರೂ ಸಿಗುತ್ತಾರೆ. ತನ್ನ ಬಳಕೆದಾರರ ಖಾತೆಗಳ ಮೇಲೆ ಇಂಥ ಪಾಸ್‌ವರ್ಡ್ ದಾಳಿಗಳು ಸೆಕೆಂಡಿಗೆ 7,000 ನಡೆಯುತ್ತವೆ ಎಂದು ಮೈಕ್ರೋಸಾಫ್ಟ್ 2024ರಲ್ಲಿ ಹೇಳಿತು. 2021ರಲ್ಲಿ ಅದೇ ಕಂಪನಿ ಹೇಳಿದ್ದು 579. ಸೆಕೆಂಡಿಗೆ ಏಳು ಸಾವಿರ ಅಂದರೆ ದಿನಕ್ಕೆ 60 ಕೋಟಿ, ದಿನಾ ಒಂದೂವರೆ ಟನ್ ರಾಗಿ ಬಾಗಿಲ ಮುಂದೆ ಸುರಿದ ಹಾಗೆ.

ಈ ಲೆಕ್ಕ ಕೊಡುವ ಕಂಪನಿಯೇ ಸಿಕ್ಕಿಬಿದ್ದದ್ದೂ ಇದೆ. 2023ರ ನವೆಂಬರ್ ಕೊನೆಯಲ್ಲಿ ರಷ್ಯಾದ ಗುಂಪೊಂದು ಇದೇ ಊಹೆಯ ಆಟದಿಂದ ಮೈಕ್ರೋಸಾಫ್ಟಿನ ಒಂದು ಹಳೆಯ ಪರೀಕ್ಷಾ ಖಾತೆಗೆ ನುಗ್ಗಿತು. ಎರಡನೆಯ ಬೀಗ, ಅಂದರೆ ಫೋನಿಗೆ ಬರುವ ಅಂಕಿಯ ಕಾವಲು, ಆ ಖಾತೆಗೆ ಹಾಕಿರಲಿಲ್ಲ. ಅಲ್ಲಿಂದ ಹೆಜ್ಜೆಹೆಜ್ಜೆಯಾಗಿ ಕಂಪನಿಯ ಹಿರಿಯ ಅಧಿಕಾರಿಗಳ ಮೇಲ್‌ವರೆಗೆ ಹೋದರು. ಕಂಪನಿಗೆ ಗೊತ್ತಾದದ್ದು 2024ರ ಜನವರಿ 12ಕ್ಕೆ.

ಅಂಗಡಿ ಹುಡುಗನ ರಾದ್ಧಾಂತ ನಡೆದದ್ದು 2021ರಲ್ಲಿ. ಎಕ್ಸ್‌ಚೇಂಜ್ ಸರ್ವರಿನೊಳಗೇ ಮುಂದೊಬ್ಬ, ಹಿಂದೊಬ್ಬ ಎಂಬ ಇದೇ ಮಂಡಿಯ ಏರ್ಪಾಡಿತ್ತು. ಗಿರಾಕಿಯ ಚೀಟಿಯಲ್ಲಿ, ಅಂದರೆ ಬ್ರೌಸರ್ ಕಳಿಸುವ ಕುಕಿಯಲ್ಲಿ, ಯಾವ ಗೋಡೌನಿಗೆ ಹೋಗಬೇಕೆಂಬ ವಿಳಾಸ ಇರುತ್ತಿತ್ತು. ಚೀಟಿ ಬರೆದವರು ಯಾರೆಂದು ಹುಡುಗ ಕೇಳುತ್ತಲೇ ಇರಲಿಲ್ಲ. ತೈವಾನಿನ ಸಂಶೋಧಕ ಆರೆಂಜ್ ತ್ಸಾಯ್ ಇದನ್ನು ಕಂಡುಹಿಡಿದು ಜನವರಿ ಮೊದಲ ವಾರದಲ್ಲಿ ಮೈಕ್ರೋಸಾಫ್ಟಿಗೆ ತಿಳಿಸಿದರು. ಬೀದಿಯಲ್ಲಿ ಹೋಗುವ ಯಾರೇ ಆದರೂ ಚೀಟಿಯಲ್ಲಿ ತಮಗೆ ಬೇಕಾದ ಜಾಗ ಬರೆದು ಕೊಟ್ಟರೆ, ಹುಡುಗ ಮಾಲೀಕನ ಹೆಸರಿನಲ್ಲೇ ಅಲ್ಲಿಗೆ ಹೋಗಿ ಕೇಳಿ ಬರುತ್ತಿದ್ದ. ಪಾಸ್‌ವರ್ಡ್ ಬೇಡ. 250 ಕಲ್ಪ ಬೇಡ. ಗಂಭೀರತೆಯ ಅಂಕ ಹತ್ತಕ್ಕೆ 9.8.

ಮಾರ್ಚ್ 2ಕ್ಕೆ ಈ ದೋಷ ಮುಚ್ಚುವ ತೇಪೆ ಬಿಡುಗಡೆಯಾದಾಗ ಹೊರಜಗತ್ತಿಗೆ ಮುಖ ಮಾಡಿ ಕೂತಿದ್ದ, ತೇಪೆ ಬೇಕಾಗಿದ್ದ ಎಕ್ಸ್‌ಚೇಂಜ್ ಸರ್ವರುಗಳು ಸುಮಾರು 4 ಲಕ್ಷ. ಹತ್ತು ದಿನ ಕಳೆದರೂ 82,000 ಉಳಿದಿದ್ದವು. ಅಷ್ಟರಲ್ಲಿ ಹತ್ತಕ್ಕೂ ಹೆಚ್ಚು ಗುಂಪುಗಳು ಅದೇ ಕಿಂಡಿಯಲ್ಲಿ ನುಗ್ಗುತ್ತಿದ್ದವು. ನಾರ್ವೆಯ ಸಂಸತ್ತೂ ಸಿಕ್ಕಿಬಿದ್ದಿತು. ಒಳಗೆ ಬಂದವರು ಬಿಟ್ಟುಹೋಗುತ್ತಿದ್ದದ್ದು ಎಷ್ಟೋ ಕಡೆ ಒಂದೇ ಒಂದು ಸಾಲಿನ ಕೋಡ್, ನೂರು ಅಕ್ಷರವೂ ಇಲ್ಲ. ಆಮೇಲೆ ಎಂದಾದರೂ ಬಂದು ಆ ಸಾಲಿಗೆ ಹೇಳಿದ ಕೆಲಸವನ್ನು ಸರ್ವರ್ ಮಾಡುತ್ತಿತ್ತು. ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಬಿಐ ಕೋರ್ಟಿನ ಅಪ್ಪಣೆ ಪಡೆದು, ನೂರಾರು ಕಂಪ್ಯೂಟರುಗಳಿಂದ ಆ ಸಾಲುಗಳನ್ನು ತಾನೇ ದೂರದಿಂದ ಅಳಿಸಿತು. ನಾನು ಆ ಮಾರ್ಚ್ 3ರ ಬೆಳಗಿನ ಜಾವ ಮೂರು ಗಂಟೆಗೆ ಲುಂಗಿಯಲ್ಲಿ ಕೂತು ತೇಪೆ ಹಾಕುತ್ತಿದ್ದೆ. ತೇಪೆಯ ಪಟ್ಟಿ ಪರದೆಯ ಮೇಲೆ ನೂರರಲ್ಲಿ ಎಪ್ಪತ್ತೊಂದಕ್ಕೆ ಬಂದು ಇಪ್ಪತ್ತು ನಿಮಿಷ ನಿಂತುಬಿಟ್ಟಿತ್ತು. ಆ ಇಪ್ಪತ್ತು ನಿಮಿಷದ ಮುಂದೆ ಬ್ರಹ್ಮನ ಹಗಲು ಏನೇನೂ ಅಲ್ಲ.

ಅದೇ ಸರ್ವರ್ ಮುಂದಿನ ಹೊಸ ವರ್ಷಕ್ಕೆ ಇನ್ನೊಂದು ತಮಾಷೆ ಮಾಡಿತು. 2022ರ ಜನವರಿ 1ರಂದು ಜಗತ್ತಿನಾದ್ಯಂತ ಎಕ್ಸ್‌ಚೇಂಜ್ ಸರ್ವರುಗಳಲ್ಲಿ ಮೇಲ್ ಸಾಲುಗಟ್ಟಿ ನಿಂತುಹೋಯಿತು. ವೈರಸ್ ಜರಡಿಯ ಆವೃತ್ತಿ ಸಂಖ್ಯೆಯನ್ನು ತಾರೀಖಿನಿಂದ ಮಾಡುತ್ತಿದ್ದರು: 22, 01, 01, ಮುಂದೆ 0001. ಸೇರಿಸಿ ಓದಿದರೆ 220 ಕೋಟಿ 10 ಲಕ್ಷ 10 ಸಾವಿರದ 1. ಅದನ್ನು ಇಡುವ ಡಬ್ಬಿಯಲ್ಲಿ ಹಿಡಿಯುತ್ತಿದ್ದದ್ದು 214 ಕೋಟಿ ಚಿಲ್ಲರೆ, ಅರ್ಧ ಲಾರಿ. ಯಾವ ಶತ್ರುವೂ ಇಲ್ಲ, ದಾಳಿಯೂ ಇಲ್ಲ. ಪಂಚಾಂಗದ ಪುಟ ತಿರುಗಿತು, ಚೀಲ ಹರಿಯಿತು.

ಈ ಒಂದು ಕಾಳಿನ ಬಾಗಿಲ ಮೇಲೆ ಎಷ್ಟು ಭಾರ ಬೀಳಬಹುದೆಂದು ಗೊತ್ತಾದದ್ದು 2020ರಲ್ಲಿ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಏಪ್ರಿಲ್ ಹೊತ್ತಿಗೆ ಇನ್ಫೋಸಿಸ್ ತನ್ನ ಸುಮಾರು 2.4 ಲಕ್ಷ ನೌಕರರಲ್ಲಿ ಶೇ. 93ರಷ್ಟು ಜನ ಮನೆಯಿಂದ ಕೆಲಸ ಮಾಡುತ್ತಿದ್ದಾರೆ ಎಂದಿತು. ಗೋಡೆಯ ಒಳಗಿದ್ದ ಎರಡು ಲಕ್ಷಕ್ಕೂ ಹೆಚ್ಚು ಜನ ಕೆಲವೇ ವಾರದಲ್ಲಿ ಗೋಡೆಯ ಹೊರಗೆ. ಶಿರಸಿಯ ಅಟ್ಟದ ಮೇಲೆ, ಹಾವೇರಿಯ ಜಗಲಿಯಲ್ಲಿ, ಸಿಗ್ನಲ್ ಸಿಗುವ ಗುಡ್ಡದ ತುದಿಯಲ್ಲಿ ಕೂತವರೆಲ್ಲ ಶೆಟ್ಟರಾದರು.

ಅಂದಿನಿಂದ ಹೆಚ್ಚಿನ ಕಡೆ ಎರಡನೆಯ ಬೀಗ ಬಂತು. ಆರು ಅಂಕಿ. ಹತ್ತು ಲಕ್ಷ ಸಾಧ್ಯತೆ, ಎರಡೂವರೆ ಕಿಲೋ ರಾಗಿ. ಆ್ಯಪಿನಲ್ಲಿ ಬರುವುದಾದರೆ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಇದೂ ಪೂರ್ತಿ ಗಟ್ಟಿಯಲ್ಲ. ಇಂಥ ಅಂಕಿ ತೋರಿಸುವ ಕೀಚೈನುಗಳಿಗೆ ಹೆಸರಾದ ಆರ್‌ಎಸ್‌ಎ ಕಂಪನಿಗೇ 2011ರಲ್ಲಿ ಕಳ್ಳರು ನುಗ್ಗಿದ್ದರು, ಜಂಕ್ ಫೋಲ್ಡರಿಗೆ ಬಿದ್ದಿದ್ದ ಮೇಲೊಂದನ್ನು ನೌಕರರೊಬ್ಬರು ಹೊರತೆಗೆದು ಅದರಲ್ಲಿದ್ದ ಎಕ್ಸೆಲ್ ಹಾಳೆ ತೆರೆದದ್ದೇ ನೆಪ. ಆಗ ಜಗತ್ತಿನಲ್ಲಿ ಅಂಥ ಕೀಚೈನುಗಳು ಸುಮಾರು 4 ಕೋಟಿ ಇದ್ದವು. ಆದರೂ ನಾನು ಆರು ಅಂಕಿಯ ಪಕ್ಷದವನೇ. ನಾನೂರು ಸೂರ್ಯರ ಪಕ್ಕದಲ್ಲಿ ಎರಡೂವರೆ ಕಿಲೋ ಇಟ್ಟಿದ್ದಾರೆ ಎಂದು ನಗಬಹುದು. ಪ್ರತಿದಿನ ಕಳ್ಳರನ್ನು ತಡೆಯುತ್ತಿರುವುದು ಮಾತ್ರ ಆ ಎರಡೂವರೆ ಕಿಲೋ.

ಶೆಟ್ಟರು ಈಗ ಮಣಿಪಾಲದಲ್ಲಿದ್ದಾರೆ, ವಯಸ್ಸು ಎಪ್ಪತ್ತೆಂಟು. ಕಳೆದ ತಿಂಗಳು ಒಂದು ಮಧ್ಯಾಹ್ನ ಫೋನ್ ಮಾಡಿದರು.

"ಮಾರಾಯಾ, ಮೊಬೈಲಿಗೆ ಎಂತದೋ ಆರು ನಂಬರ್ ಬಂದುಂಟು. ಲ್ಯಾಂಡ್‌ಲೈನಲ್ಲಿ ಒಬ್ಬ ಇದ್ದಾನೆ, ಮೇಲ್ ಕಂಪನಿಯವ ಅಂತೆ. ನಂಬರ್ ಹೇಳದಿದ್ರೆ ಮೇಲ್ ಬಂದ್ ಆಗ್ತದಂತೆ. ಹೇಳುದಾ?"

"ಹೇಳಿಬಿಟ್ರಾ ಸರ್?"

"ಮೂರು ಹೇಳಿದೆ. ಅಷ್ಟರಲ್ಲಿ ಸ್ಕ್ರೀನ್ ಆರಿ ಹೋಯ್ತು. ಕನ್ನಡಕ ಹುಡುಕುವಾಗ ನಿನ್ನ ನೆನಪಾಯ್ತು."

ಆರರಲ್ಲಿ ಮೂರು ಹೋದರೆ ಉಳಿಯುವುದು ಮೂರು. ಸಾವಿರ ಕಾಳು. ನನ್ನ ಕಣ್ಣೆದುರು ಮಗಳ ತಕ್ಕಡಿ 2.5ಕ್ಕೆ ಬಂದು ನಿಂತಿತು.

"ಲ್ಯಾಂಡ್‌ಲೈನ್ ಇಟ್ಟುಬಿಡಿ ಸರ್. ಈಗಲೇ."

"ಇಡ್ತೇನೆ, ಇಡ್ತೇನೆ. ಆದ್ರೂ ಪಾಪ, ಅವ ಆಗಿಂದ ಕಾಯ್ತಾ ಇದ್ದಾನಲ್ಲ ಮಾರಾಯಾ."